ಎರಡು ಡಿಸ್ಕ್ ಹೊರಬಿದ್ದ ರೇಡ್ 5: ಕ್ರಿಯೇಟ್ ಕೊಡುವ ಮೊದಲು ಜಾತಕ ಓದಿ

ಪ್ರಶ್ನೆ: ನಮಸ್ಕಾರ ಸರ್. ಕುಮಟಾದಲ್ಲಿ ನನ್ನದೊಂದು ಫೋಟೋ-ವಿಡಿಯೋ ಸ್ಟುಡಿಯೋ ಇದೆ. ಮದುವೆ, ಮುಂಜಿ, ಹೊನ್ನಾವರ-ಕುಮಟಾ ಕಡೆಯ ಯಕ್ಷಗಾನದ ಆಟಗಳು, ಹೀಗೆ ಹದಿನಾಲ್ಕು ವರ್ಷದ ಕೆಲಸ ಒಂದೇ ಪೆಟ್ಟಿಗೆಯಲ್ಲಿದೆ. ಉಬುಂಟು ಎಂಬ ಲಿನಕ್ಸ್ ಹಾಕಿ, 4 ಟಿಬಿಯ 4 ಡಿಸ್ಕ್ ಸೇರಿಸಿ ಸಾಫ್ಟ್‌ವೇರ್ ರೇಡ್ 5 ಮಾಡಿಸಿದ್ದೆ. ಜೂನ್ 11ರ ಸಂಜೆ ಸಿಡಿಲು ಮಳೆಗೆ ಕರೆಂಟ್ ಎರಡು ಮೂರು ಸಲ ಹೋಗಿ ಬಂತು. ಆಮೇಲೆ ಅರೇ, ಅಂದರೆ ನಾಲ್ಕು ಡಿಸ್ಕಿನ ಆ ಜೋಡಣೆ, ಏಳುತ್ತಲೇ ಇಲ್ಲ. ಎರಡು ಡಿಸ್ಕ್ ಹೊರಗಿವೆ ಎಂದು ತೋರಿಸುತ್ತಿದೆ. ಒಬ್ಬರು ಮತ್ತೆ ಕ್ರಿಯೇಟ್ (ಅರೇಯನ್ನು ಹೊಸದಾಗಿ ಕಟ್ಟುವ ಕಮಾಂಡ್) ಕೊಡಿ ಅಂದರು. ಇನ್ನೊಬ್ಬರು ಹೊರಬಿದ್ದ ಡಿಸ್ಕನ್ನು ಆಡ್ ಮಾಡಿದರೆ ತಾನೇ ಸರಿಯಾಗುತ್ತದೆ ಅಂದರು. ನಾನು ಇನ್ನೂ ಏನೂ ಮಾಡಿಲ್ಲ. ನಾಲ್ಕೂ ಡಿಸ್ಕಿನ ಎಕ್ಸಾಮಿನ್ ವರದಿ (ಅರೇಯ ವಿವರ) ಮತ್ತು ಸ್ಮಾರ್ಟ್ ವರದಿ (ಡಿಸ್ಕಿನ ಆರೋಗ್ಯದ ವಿವರ) ಕಳಿಸಿದ್ದೇನೆ. ಡೇಟಾ ಸಿಗಬಹುದೇ?

ಉತ್ತರ: ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಅದಕ್ಕೆ ದೊಡ್ಡ ಕಾರಣ, ನೀವು ಇನ್ನೂ ಏನೂ ಮಾಡಿಲ್ಲ ಎಂಬುದು. ನಾನು ಶಿರಸಿಯಲ್ಲಿ ಕೂತು ಇಂಥ ಪೆಟ್ಟಿಗೆಗಳನ್ನು ಸುಮಾರು ವರ್ಷದಿಂದ ನೋಡುತ್ತಿದ್ದೇನೆ. ಡಿಸ್ಕ್ ಕೆಟ್ಟು ಪೂರ್ತಿ ಡೇಟಾ ಹೋದದ್ದು ಕಡಿಮೆ. ಡಿಸ್ಕ್ ಕೆಟ್ಟ ಮೇಲಿನ ಒಂದು ಗಂಟೆಯಲ್ಲಿ ಗಾಬರಿಯಿಂದ ಕೊಟ್ಟ ಕಮಾಂಡಿಗೆ ಹೋದದ್ದೇ ಜಾಸ್ತಿ. ಹಾಗಾಗಿ ಈಗ ಮೆಷಿನ್ ಆಫ್ ಮಾಡಿ. ಮತ್ತೆ ಮತ್ತೆ ರೀಸ್ಟಾರ್ಟ್ ಮಾಡಿ ನೋಡಬೇಡಿ. ಇದನ್ನು ಪೂರ್ತಿ ಓದಿದ ಮೇಲೆ ಕೈ ಹಾಕಿ.

ಮೊದಲು, ರೇಡ್ 5 ಒಳಗೆ ಏನು ಮಾಡುತ್ತದೆ ಎಂಬುದು ನಿಮಗೆ ಸ್ಪಷ್ಟವಿರಬೇಕು. ನಮ್ಮ ಕಡೆ ಅಡಿಕೆ ತೂಕದ ಚೀಟಿ ಇರುತ್ತದಲ್ಲ, ಹಾಗೆ ಅಂದುಕೊಳ್ಳಿ. ಮೂರು ಚೀಲ: 61 ಕಿಲೋ, 58 ಕಿಲೋ, 64 ಕಿಲೋ. ಕೆಳಗೆ ಒಟ್ಟು 183. ಮಳೆ ಹನಿ ಬಿದ್ದು ಎರಡನೇ ಚೀಲದ ಅಂಕಿ ಅಳಿಸಿ ಹೋಯಿತು ಎನ್ನಿ. ಚಿಂತೆಯಿಲ್ಲ, 183ರಿಂದ ಉಳಿದ ಎರಡನ್ನು ಕಳೆದರೆ 58 ಸಿಗುತ್ತದೆ. ಎರಡು ಅಂಕಿ ಅಳಿಸಿದರೆ ಮಾತ್ರ ಯಾವ ಲೆಕ್ಕದಿಂದಲೂ ಸಿಗುವುದಿಲ್ಲ. ರೇಡ್ 5 ಮಾಡುವುದೂ ಇದನ್ನೇ. ಕೂಡುವ ಬದಲು ಎಕ್ಸ್‌ಆರ್ ಎಂಬ ಲೆಕ್ಕ, ಮತ್ತು ಆ ‘ಒಟ್ಟು’ ಒಂದೇ ಡಿಸ್ಕಿನಲ್ಲಿ ಇರದೆ ಸರದಿಯಂತೆ ನಾಲ್ಕರಲ್ಲೂ ಹಂಚಿರುತ್ತದೆ. ಆದ್ದರಿಂದಲೇ ನಿಮ್ಮ 16 ಟಿಬಿಯಲ್ಲಿ 12 ಟಿಬಿ ಮಾತ್ರ ಬಳಕೆಗೆ ಸಿಗುವುದು, ಒಂದು ಡಿಸ್ಕ್ ಹೋದರೆ ಮಾತ್ರ ತಡೆದುಕೊಳ್ಳುವುದು.

ಹಾಗಾದರೆ ಎರಡು ಹೋದ ಮೇಲೆ ಹೇಗೆ ಸಿಗುತ್ತದೆ ಅನ್ನುತ್ತೀರಾ? ‘ಹೊರಬಿದ್ದಿದೆ’ ಬೇರೆ, ‘ಅಳಿಸಿದೆ’ ಬೇರೆ. ಲಿನಕ್ಸ್ ಒಂದು ಡಿಸ್ಕನ್ನು ಹೊರಗೆ ಹಾಕಿದರೂ ಅದರ ಮೇಲಿನ ಅಂಕಿ ಹಾಗೇ ಇರುತ್ತದೆ. ಅದು ಎಷ್ಟು ಹಳೆಯದು ಎಂಬುದಷ್ಟೇ ಪ್ರಶ್ನೆ.

ಅದಕ್ಕೆ ಉತ್ತರ ನೀವು ಕಳಿಸಿದ ವರದಿಯಲ್ಲೇ ಇದೆ. ಅರೇಯ ಪ್ರತಿ ಡಿಸ್ಕಿನ ಮೇಲೂ ಸೂಪರ್‌ಬ್ಲಾಕ್ ಎಂಬ ಒಂದು ಸಣ್ಣ ಜಾಗವಿದೆ. ನಿಮ್ಮದು 1.2 ಆವೃತ್ತಿ, ಅಂದರೆ ಡಿಸ್ಕ್ ಶುರುವಾಗಿ 4 ಕೆಬಿ ದಾಟಿದ ಕೂಡಲೇ ಅದು ಕೂತಿದೆ. ಇದನ್ನು ಡಿಸ್ಕಿನ ಜಾತಕ ಎಂದೇ ತಿಳಿಯಿರಿ. ಅದು ಯಾವ ಅರೇಗೆ ಸೇರಿದ್ದು, ಎಷ್ಟನೇ ಸ್ಥಾನ, ಚಂಕ್ (ಒಂದು ಡಿಸ್ಕಿಗೆ ಒಮ್ಮೆಗೆ ಹೋಗುವ ಡೇಟಾದ ತುಂಡು) ಎಷ್ಟು, ಡೇಟಾ ಎಲ್ಲಿಂದ ಶುರು ಎಂಬುದೆಲ್ಲ ಅಲ್ಲಿದೆ. ಜೊತೆಗೆ ‘ಇವೆಂಟ್ಸ್’ ಎಂಬ ಒಂದು ಎಣಿಕೆ ಇದೆ. ಅರೇ ಶುರುವಾಗುವುದು, ನಿಲ್ಲುವುದು, ಒಂದು ಡಿಸ್ಕ್ ಹೊರಬೀಳುವುದು, ಹೀಗೆ ಸ್ಥಿತಿ ಬದಲಾದಾಗೆಲ್ಲ ಆ ಎಣಿಕೆ ಏರುತ್ತದೆ. ಹೊರಬಿದ್ದ ಡಿಸ್ಕಿನ ಎಣಿಕೆ ಮಾತ್ರ ಬಿದ್ದ ದಿನಕ್ಕೇ ನಿಂತುಬಿಡುತ್ತದೆ.

ನಿಮ್ಮ ನಾಲ್ಕನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಒಂದನೇ ಡಿಸ್ಕ್ 48212. ಎರಡನೇದೂ 48212. ನಾಲ್ಕನೇದು 48209, ಕೊನೆಯ ಬದಲಾವಣೆ ಜೂನ್ 11, ಸಂಜೆ 7 ಗಂಟೆ 42 ನಿಮಿಷ. ಮೂರನೇದು 31877, ಕೊನೆಯ ಬದಲಾವಣೆ ಮಾರ್ಚ್ 3.

ಮಾರ್ಚ್! ಮೂರನೇ ಡಿಸ್ಕ್ ಸಿಡಿಲಿಗೆ ಹೋದದ್ದೇ ಅಲ್ಲ. ಮೂರು ತಿಂಗಳ ಹಿಂದೆಯೇ ಹೊರಬಿದ್ದಿದೆ. ಅವತ್ತಿನಿಂದ ನಿಮ್ಮ ಅರೇ ಮೂರು ಡಿಸ್ಕಿನ ಮೇಲೆ, ಯಾವ ರಕ್ಷಣೆಯೂ ಇಲ್ಲದೆ ನಡೆದಿದೆ. ನಿಮಗೆ ಯಾರೂ ಹೇಳಲಿಲ್ಲ.

ಇದನ್ನು ಖಾತ್ರಿ ಮಾಡಿಕೊಳ್ಳುವ ಇನ್ನೊಂದು ಸಾಲು ಅದೇ ವರದಿಯಲ್ಲಿದೆ: ‘ಅರೇ ಸ್ಟೇಟ್’. ಅಲ್ಲಿ ಇದ್ದ ಡಿಸ್ಕಿಗೆ ಎ, ಇಲ್ಲದ ಡಿಸ್ಕಿಗೆ ಚುಕ್ಕೆ. ನಿಮ್ಮ ಮೂರನೇ ಡಿಸ್ಕಿನಲ್ಲಿ ನಾಲ್ಕೂ ಎ. ಪಾಪ, ಅದು ಬಿದ್ದ ಕ್ಷಣದಲ್ಲಿ ಎಲ್ಲರೂ ಸರಿಯಿದ್ದರು. ತಾನು ಹೊರಬಿದ್ದ ಸುದ್ದಿಯನ್ನು ಅದಕ್ಕೆ ಬರೆದುಕೊಳ್ಳಲು ಆಗಲೇ ಇಲ್ಲ. ನಾಲ್ಕನೇ ಡಿಸ್ಕಿನಲ್ಲಿ ಎ ಎ ಚುಕ್ಕೆ ಎ ಇದೆ. ಮೂರನೇದು ಹೋದದ್ದು ಅದಕ್ಕೆ ಗೊತ್ತು, ತನ್ನದು ಗೊತ್ತಿಲ್ಲ. ಒಂದು ಮತ್ತು ಎರಡರಲ್ಲಿ ಎ ಎ ಚುಕ್ಕೆ ಚುಕ್ಕೆ. ಇವು ಕೊನೆಯವರೆಗೂ ಇದ್ದವು. ನಾಲ್ಕು ಸಾಲು ಓದಿದರೆ ಯಾರು ಯಾವಾಗ ಹೋದರು ಎಂಬ ಪೂರ್ತಿ ಕಥೆ ಸಿಕ್ಕಿತು ನೋಡಿ. ಈ ವರದಿಗಳನ್ನು ಬೇರೆ ಪೆನ್ ಡ್ರೈವಿಗೆ ಹಾಕಿ, ಪ್ರಿಂಟೂ ತೆಗೆದಿಡಿ.

ಅಂದರೆ ನಮಗೆ ಬೇಕಾದದ್ದು ಒಂದು, ಎರಡು, ನಾಲ್ಕು. ನಾಲ್ಕನೇದು ಬರೀ ಮೂರು ಎಣಿಕೆ ಹಿಂದಿದೆ. ಆ ಅಂತರ ಅಷ್ಟಾಗಿ ಹೆದರಿಸುವಂಥದ್ದಲ್ಲ. ಕೊನೆಯ ಗಳಿಗೆಯಲ್ಲಿ ಬರೆಯುತ್ತಿದ್ದ ಫೈಲ್ ಕೆಟ್ಟಿರಬಹುದು, ಅಷ್ಟೇ. ಮೂರನೇದನ್ನು ಮಾತ್ರ ಯಾವ ಕಾರಣಕ್ಕೂ ಈ ಗುಂಪಿಗೆ ಸೇರಿಸಬೇಡಿ. ಮಾರ್ಚ್ ತಿಂಗಳ ಅಂಕಿಯನ್ನು ಜೂನ್ ತಿಂಗಳ ಚೀಟಿಗೆ ಹಾಕಿ ಲೆಕ್ಕ ಮಾಡಿದರೆ ಬರುವ ಉತ್ತರವನ್ನು ನಂಬಲಾಗದು.

ಈಗ ನಿಮಗೆ ಬಂದ ಎರಡು ಸಲಹೆ. ಕ್ರಿಯೇಟ್ ಕೊಟ್ಟರೆ ನಾಲ್ಕೂ ಜಾತಕದ ಮೇಲೆ ಹೊಸ ಜಾತಕ ಬರೆಯುತ್ತದೆ. ನಾವು ಈಗ ಓದಿದ ಕಥೆಯೆಲ್ಲ ಅಲ್ಲಿಗೆ ಮುಗಿಯಿತು. ಹೊಸದರಲ್ಲಿ ಡಿಸ್ಕುಗಳ ಕ್ರಮ ತಪ್ಪಿದರೆ ಡೇಟಾ ಕಲಸು ಮೇಲೋಗರ. ನಾಲ್ಕು ಡಿಸ್ಕನ್ನು 24 ರೀತಿಯಲ್ಲಿ ಜೋಡಿಸಬಹುದು, ಸರಿಯಾದದ್ದು ಒಂದೇ. ಡೇಟಾ ಶುರುವಾಗುವ ಜಾಗವೂ ಲಿನಕ್ಸಿನಲ್ಲಿ ರೇಡ್ ನಡೆಸುವ ಎಂಡಿಆಡಮ್‌ನ ಆವೃತ್ತಿ ಬದಲಾದಂತೆ ಬದಲಾಗಿದೆ. ನಿಮ್ಮ ಅರೇ ಮಾಡಿದ ಕಾಲದ ಆವೃತ್ತಿ ಇಟ್ಟ ಜಾಗವೇ ಬೇರೆ, ಇವತ್ತಿನದು ಇಡುವ ಜಾಗವೇ ಬೇರೆ ಇರಬಹುದು. ಎಲ್ಲಕ್ಕಿಂತ ಕೆಟ್ಟದ್ದು, ‘ಅಸ್ಯೂಮ್ ಕ್ಲೀನ್’ ಎಂದು ಹೇಳದಿದ್ದರೆ ಅದು ಕೂಡಲೇ ಸಿಂಕ್ ಶುರು ಮಾಡಿ ಡಿಸ್ಕಿನ ಮೇಲೆ ಹೊಸ ಲೆಕ್ಕ ಬರೆಯತೊಡಗುತ್ತದೆ. ಆಮೇಲೆ ಯಾವ ಲ್ಯಾಬಿಗೆ ಒಯ್ದರೂ ಕಷ್ಟ. ಕ್ರಿಯೇಟ್ ಎಂಬುದು ಜಾತಕವೇ ಹಾಳಾದಾಗ, ಬೇರೆ ಎಲ್ಲ ದಾರಿ ಮುಚ್ಚಿದಾಗ, ಅದೂ ನಕಲಿನ ಮೇಲೆ ಮಾತ್ರ ಮಾಡುವ ಕೆಲಸ.

ಆಡ್ ಮಾಡುವುದು ಮೇಲ್ನೋಟಕ್ಕೆ ಸಾಧು ಅನ್ನಿಸುತ್ತದೆ. ಆದರೆ ನಾಲ್ಕನೇ ಡಿಸ್ಕನ್ನು ಆಡ್ ಮಾಡಿದರೆ ಅದು ತನ್ನ ಹಳೇ ಸ್ಥಾನ ಮರೆತು ಬರೀ ಸ್ಪೇರ್, ಅಂದರೆ ಖಾಲಿ ಎಂದು ಲೆಕ್ಕವಾಗುವ ಹೆಚ್ಚುವರಿ ಡಿಸ್ಕ್, ಆಗಿಬಿಡುತ್ತದೆ. ಈಗಿನ ಎಂಡಿಆಡಮ್ ಇದನ್ನು ತಡೆಯುತ್ತದೆ. ‘ಈ ಡಿಸ್ಕ್ ಅರೇಯ ಸದಸ್ಯ ಎನ್ನುತ್ತಿದೆ, ಹಾಗಾಗಿ ಆಡ್ ಮಾಡುವುದಿಲ್ಲ’ ಎಂದು ಹೇಳುತ್ತದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಸ್ಪೇರ್ ಮಾಡಲೇಬೇಕಿದ್ದರೆ ಮೊದಲು ಜೀರೋ ಸೂಪರ್‌ಬ್ಲಾಕ್ ಕೊಡಿ ಎಂಬ ಮಾತೂ ಅದೇ ಸಂದೇಶದಲ್ಲಿ ಬರುತ್ತದೆ. ಗಾಬರಿಯಲ್ಲಿದ್ದವರು ಅದನ್ನೇ ದಾರಿ ಎಂದುಕೊಂಡು ತಮ್ಮ ಕೈಯಾರೆ ಜಾತಕ ಅಳಿಸುತ್ತಾರೆ. ನನ್ನ ಟೇಬಲ್ಲಿಗೆ ಹೀಗೆ ಅಳಿಸಿಕೊಂಡು ಬಂದ ಡಿಸ್ಕುಗಳಿವೆ. ಅವರ ಮುಖ ನೋಡುವುದು ಕಷ್ಟ.

ಇನ್ನು ಸ್ಮಾರ್ಟ್ ವರದಿ. ಮೂರನೇ ಡಿಸ್ಕಿನಲ್ಲಿ ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು, ಬದಲಿ ಜಾಗಕ್ಕೆ ಸರಿಸಿದ ತುಂಡು) 1304, ಪೆಂಡಿಂಗ್ (ಓದಲಾಗದೆ ಬಾಕಿ ಉಳಿದದ್ದು) 96. ಅದು ನಿಜವಾಗಿಯೂ ಸವೆದಿದೆ. ನಾಲ್ಕನೇದರಲ್ಲಿ ಅವೆರಡೂ ಸೊನ್ನೆ. ಆದರೆ 199ನೇ ಸಾಲು, ಸಿಆರ್‌ಸಿ ಎರರ್, 214 ಇದೆ. ಈ ಅಂಕಿ ಏರುವುದು ಡಿಸ್ಕಿಗೂ ಬೋರ್ಡಿಗೂ ನಡುವಿನ ಮಾತು ತಪ್ಪಿದಾಗ. ಅಂದರೆ ಕೇಬಲ್, ಇಲ್ಲವೇ ಕನೆಕ್ಟರ್. ಡಿಸ್ಕ್ ಆರೋಗ್ಯವಾಗಿದೆ.

ಕರಾವಳಿಯಲ್ಲಿ ಇದನ್ನು ನಾನು ಪದೇ ಪದೇ ಕಂಡಿದ್ದೇನೆ. ಕಾರವಾರದಲ್ಲಿ ಕಡಲ ಕಡೆಗೆ ಕಿಟಕಿಯಿದ್ದ ಒಂದು ಕಚೇರಿಯಲ್ಲಿ ಪ್ರತಿ ಮಳೆಗಾಲ ಒಂದು ಡಿಸ್ಕ್ ಹೊರಬೀಳುತ್ತಿತ್ತು. ಅವರು ಪ್ರತಿ ಸಲ ಹೊಸ ಡಿಸ್ಕ್ ತರಿಸುತ್ತಿದ್ದರು. ನಾನು ಹೋಗಿ ಪವರ್ ಸ್ಪ್ಲಿಟರ್ ಕೇಬಲ್ ಎಳೆದು, ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಸಾಟಾ ಪವರ್ ಕನೆಕ್ಟರಿನಲ್ಲಿ 15 ಪಿನ್ ಇರುತ್ತವೆ. ಅದರಲ್ಲಿ ಮೂರ್ನಾಲ್ಕು ಪಿನ್ನಿನ ಬುಡದಲ್ಲಿ ಹಿತ್ತಾಳೆ ಚೊಂಬಿಗೆ ಬರುವಂಥದ್ದೇ ಹಸಿರು ಕಿಲುಬು. ಉಪ್ಪು ಗಾಳಿ, ಒದ್ದೆ ಹವೆ, ಅಗ್ಗದ ಕೇಬಲ್. ಕೇಬಲ್ ಬದಲಿಸಿ, ಡಿಸ್ಕಿನ ಬದಿಯ ಪಿನ್ನುಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದ ಮೇಲೆ ಆ ತೊಂದರೆ ನಿಂತಿತು. ನಿಮ್ಮದನ್ನೂ ಹಾಗೆ ಬಿಚ್ಚಿ ನೋಡಿ. ನಾಲ್ಕಕ್ಕೂ ಹೊಸ ಡೇಟಾ ಕೇಬಲ್ ಹಾಕಿ. 214 ಎಂಬ ಅಂಕಿ ಮತ್ತೆ ಸೊನ್ನೆಯಾಗುವುದಿಲ್ಲ, ಅದು ಜೀವನಪೂರ್ತಿ ಲೆಕ್ಕ. ಏರದಿದ್ದರೆ ಸಾಕು.

ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ್ದು ಒಂದನೇ ಡಿಸ್ಕ್. ಅದು ಹೊರಬಿದ್ದಿಲ್ಲ, ಯಾರೂ ಅದರ ಮೇಲೆ ದೂರು ಹೇಳಿಲ್ಲ. ಆದರೆ ಪೆಂಡಿಂಗ್ 8 ಇದೆ. ನಿಮ್ಮ ಡಿಸ್ಕಿನ ಒಂದು ಭೌತಿಕ ಸೆಕ್ಟರ್ 4 ಕೆಬಿ, ಎಣಿಕೆ 512 ಬೈಟಿನ ತುಂಡಿನಲ್ಲಿ. ಹಾಗಾಗಿ 8 ಅಂದರೆ ಒಂದೇ ಒಂದು ಹಾಳಾದ ಸೆಕ್ಟರ್ ಇರಬಹುದು. ಚಿಕ್ಕದೇ. ಆದರೂ ಮೂರು ಡಿಸ್ಕಿನ ಮೇಲೆ ನಡೆಯುವ ಅರೇಗೆ ಆ ಜಾಗ ಓದಲಾಗದಿದ್ದರೆ ಬೇರೆ ಲೆಕ್ಕದಿಂದ ತುಂಬಿಕೊಳ್ಳುವ ದಾರಿಯಿಲ್ಲ. ರೀಬಿಲ್ಡ್ ಮಾಡಲು, ಅಂದರೆ ಹೊಸ ಡಿಸ್ಕನ್ನು ಲೆಕ್ಕ ಹಾಕಿ ತುಂಬಲು, ಉಳಿದ ಮೂರೂ ಡಿಸ್ಕನ್ನು ಮೊದಲಿಂದ ಕೊನೆವರೆಗೆ ಓದಬೇಕು. ಹೊಸ ಡಿಸ್ಕ್ ಹಾಕಿ ಕೂಡಲೇ ರೀಬಿಲ್ಡ್ ಮಾಡಿದ್ದರೆ ಅದು ಅಲ್ಲೇ ಮುಗ್ಗರಿಸಿ ಅರ್ಧಕ್ಕೆ ನಿಲ್ಲುವ ಸಂಭವ ಜಾಸ್ತಿ ಇತ್ತು.

ಆದ್ದರಿಂದ ಮೊದಲು ನಕಲು. 4 ಟಿಬಿಗೆ ಸಮ ಅಥವಾ ದೊಡ್ಡ ಮೂರು ಡಿಸ್ಕ್ ತನ್ನಿ. ಖರ್ಚು ಅನ್ನಿಸುತ್ತದೆ, ಗೊತ್ತು. ಮೂರು ಆಗದಿದ್ದರೆ ಒಂದನೇ ಡಿಸ್ಕಿಗಾದರೂ ಒಂದು ತನ್ನಿ. ಲಿನಕ್ಸ್ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ಜಿಎನ್‌ಯು ಡಿಡಿರೆಸ್ಕ್ಯೂ ಬಳಸಿ. ಸಾಮಾನ್ಯ ಕಾಪಿ ಕಮಾಂಡ್ ಕೆಟ್ಟ ಜಾಗ ಸಿಕ್ಕಿದರೆ ಅಲ್ಲೇ ನಿಲ್ಲುತ್ತದೆ. ಡಿಡಿರೆಸ್ಕ್ಯೂ ಅದನ್ನು ಬಿಟ್ಟು ಮುಂದೆ ಹೋಗಿ, ಚೆನ್ನಾಗಿರುವುದನ್ನೆಲ್ಲ ಮೊದಲು ತೆಗೆದು, ಕೊನೆಗೆ ಕೆಟ್ಟ ಜಾಗಕ್ಕೆ ಮರಳಿ ಬರುತ್ತದೆ. ಮೊದಲ ಸುತ್ತು ಕೆಟ್ಟ ಜಾಗವನ್ನು ಕೆರೆಯದೆ ಮಾಡಿ, ಎರಡನೇ ಸುತ್ತಿನಲ್ಲಿ ಮೂರು ಸಲ ಪ್ರಯತ್ನಿಸಲು ಹೇಳಿ. ಸೆಕೆಂಡಿಗೆ 150 ಎಂಬಿ ವೇಗ ಸಿಕ್ಕಿದರೆ ಒಂದು ಡಿಸ್ಕಿಗೆ ಏಳೂವರೆ ಗಂಟೆ ಬೇಕು. ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಶುರು ಮಾಡಬೇಡಿ.

ಎಲ್ಲಿಂದ ಎಲ್ಲಿಗೆ ಎಂಬುದನ್ನು ಎರಡು ಸಲ ನೋಡಿ. ಲಿನಕ್ಸ್ ಡಿಸ್ಕುಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಪ್ರತಿ ಬೂಟಿಗೂ ಬದಲಾಗಬಹುದು. ಡಿಸ್ಕಿನ ಮೇಲೆ ಅಂಟಿಸಿದ ಸೀರಿಯಲ್ ನಂಬರ್ ಬದಲಾಗುವುದಿಲ್ಲ. ಪ್ರತಿ ಡಿಸ್ಕಿಗೂ ಒಂದು ಟೇಪ್ ಅಂಟಿಸಿ, ಸ್ಥಾನ ಮತ್ತು ಸೀರಿಯಲ್ಲಿನ ಕೊನೆಯ ನಾಲ್ಕು ಅಕ್ಷರ ಬರೆಯಿರಿ. ಹಳೆಯದರ ಮೇಲೆ ಖಾಲಿ ಡಿಸ್ಕನ್ನು ನಕಲು ಮಾಡಿದರೆ ನಾನಾಗಲಿ ಯಾರಾಗಲಿ ಏನೂ ಮಾಡಲಾರೆವು.

ಡಿಡಿರೆಸ್ಕ್ಯೂ ಒಂದು ಮ್ಯಾಪ್ ಫೈಲ್ ಬರೆಯುತ್ತದೆ. ಯಾವ ಜಾಗ ಬಂತು, ಯಾವುದು ಬರಲಿಲ್ಲ ಎಂಬ ಪಟ್ಟಿ ಅದು. ಅದನ್ನು ಲೈವ್ ಯುಎಸ್‌ಬಿಯ ಡೆಸ್ಕ್‌ಟಾಪಿನಲ್ಲಿ ಇಡಬೇಡಿ, ಮೆಷಿನ್ ಆಫ್ ಆದರೆ ಮಾಯ. ಪೆನ್ ಡ್ರೈವಿನಲ್ಲಿ ಇಡಿ. ಹೊಸ ನಕಲು ಡಿಸ್ಕಿನಲ್ಲಿ ಕೆಟ್ಟ ಜಾಗ ಬರೀ ಸೊನ್ನೆಯಾಗಿ ಕೂತಿರುತ್ತದೆ, ಓದುವಾಗ ಯಾವ ಎರರೂ ಬರುವುದಿಲ್ಲ. ಎಲ್ಲಿ ಸೊನ್ನೆ ಕೂತಿದೆ ಎಂದು ಹೇಳುವುದು ಆ ಮ್ಯಾಪ್ ಒಂದೇ.

ನಕಲು ಮುಗಿದ ಮೇಲೆ ಮೂಲ ಡಿಸ್ಕುಗಳನ್ನು ಕಳಚಿ ಬೇರೆ ಇಡಿ. ನಕಲಿನಲ್ಲೂ ಅದೇ ಜಾತಕ, ಅದೇ ಯುಯುಐಡಿ (ಗುರುತಿನ ಸಂಖ್ಯೆ) ಇರುತ್ತದೆ. ಎರಡೂ ಒಟ್ಟಿಗೆ ಇದ್ದರೆ ಲಿನಕ್ಸ್ ಯಾವುದನ್ನು ಎತ್ತಿಕೊಳ್ಳುತ್ತದೆ ಎಂದು ಹೇಳಲಾಗದು. ಮೂರು ಹೊಸ ಡಿಸ್ಕ್ ಸಿಗದವರು ನಕಲಾಗದ ಡಿಸ್ಕುಗಳ ಮೇಲೆ ಓವರ್‌ಲೇ ಹಾಕಿಕೊಳ್ಳಬೇಕು. ಡಿವೈಸ್ ಮ್ಯಾಪರ್‌ನ ಸ್ನ್ಯಾಪ್‌ಶಾಟ್ ಬಳಸಿದರೆ ಬರೆಯುವುದೆಲ್ಲ ಪಕ್ಕದ ಒಂದು ಫೈಲಿಗೆ ಹೋಗುತ್ತದೆ, ಡಿಸ್ಕಿಗೆ ಮುಟ್ಟುವುದಿಲ್ಲ.

ಈಗ ಅಸಲಿ ಕೆಲಸ, ಅದು ಎರಡು ನಿಮಿಷದ್ದು. ಅರ್ಧಕ್ಕೆ ಎದ್ದು ಕೂತ ಅರೇ ಇದ್ದರೆ ಮೊದಲು ಸ್ಟಾಪ್ ಕೊಡಿ. ಆಮೇಲೆ ಅಸೆಂಬಲ್, ಫೋರ್ಸ್, ರೀಡ್‌ಓನ್ಲಿ ಮೂರೂ ಸೇರಿಸಿ, ಒಂದು-ಎರಡು-ನಾಲ್ಕರ ನಕಲುಗಳ ಹೆಸರನ್ನು ಮಾತ್ರ ಕೊಡಿ. ಸ್ಕ್ಯಾನ್ ಕೊಟ್ಟು ಡಿಸ್ಕ್ ಆರಿಸುವುದನ್ನು ಅದರ ಪಾಡಿಗೆ ಬಿಡಬೇಡಿ. ಫೋರ್ಸ್ ಕೇಳಿ ಹೆದರಬೇಡಿ, ಅದು ಮಾಡುವುದು ಹಿಂದುಳಿದ ಡಿಸ್ಕಿನ ಎಣಿಕೆಯನ್ನು ಉಳಿದವುಗಳಿಗೆ ಸರಿಹೊಂದಿಸುವುದು. 48209 ಎಂಬುದು 48212 ಆಗುತ್ತದೆ. ಅರೇಯ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ತೆರೆದರೆ ನಾಲ್ಕರಲ್ಲಿ ಮೂರು ಎಂದೂ, ಯು ಯು ಗೆರೆ ಯು ಎಂದೂ ಕಾಣಬೇಕು. ಕಂಡಿತೆಂದರೆ ಒಂದು ಲೋಟ ಚಾ ಕುಡಿದು ಬನ್ನಿ. ಮುಂದಿನದಕ್ಕೆ ಅವಸರವಿಲ್ಲ.

ಫೈಲ್ ವ್ಯವಸ್ಥೆಯನ್ನು ಪರೀಕ್ಷಿಸುವ ಎಫ್‌ಎಸ್‌ಸಿಕೆಯನ್ನು ಏನೂ ತಿದ್ದದ ರೀತಿಯಲ್ಲಿ, ಎನ್ ಆಯ್ಕೆ ಕೊಟ್ಟು ಓಡಿಸಿ. ಒಂದಷ್ಟು ದೂರು ಬಂದರೆ ಸಹಜ. ಸಾವಿರಾರು ಸಾಲು ದೂರು ಬಂದರೆ ನಿಲ್ಲಿಸಿ, ಜೋಡಣೆಯೇ ತಪ್ಪಿರಬಹುದು. ನಿಮ್ಮ ಫೈಲ್ ವ್ಯವಸ್ಥೆ ಎಕ್ಸ್‌ಟಿ4, ಹಾಗಾಗಿ ಮೌಂಟ್ ಮಾಡುವಾಗ ರೀಡ್‌ಓನ್ಲಿ ಜೊತೆ ನೋಲೋಡ್ ಸೇರಿಸಿ. ಇಲ್ಲದಿದ್ದರೆ ಅದು ಜರ್ನಲ್ (ಬಾಕಿ ಬದಲಾವಣೆಗಳ ದಾಖಲೆ) ಓಡಿಸಿ ಬರೆಯಲು ನೋಡುತ್ತದೆ. ಫೋಲ್ಡರ್ ಹೆಸರು ಕಂಡ ಕೂಡಲೇ ಗೆದ್ದೆವು ಅಂದುಕೊಳ್ಳಬೇಡಿ. ಕ್ರಮ ತಪ್ಪಿದಾಗಲೂ ಕೆಲವು ಹೆಸರು ಕಾಣುತ್ತವೆ. ನಿಮ್ಮ ಚಂಕ್ 512 ಕೆಬಿ. ಅದಕ್ಕಿಂತ ಚಿಕ್ಕ ಫೋಟೋ ಒಂದೇ ಡಿಸ್ಕಿನಲ್ಲಿ ಕೂತಿರಬಹುದು, ಅದು ತೆರೆದರೆ ಏನೂ ಸಾಬೀತಾಗುವುದಿಲ್ಲ. ಒಂದು ದೊಡ್ಡ ವಿಡಿಯೋ ತೆಗೆಯಿರಿ. ರಾತ್ರಿಯಿಡೀ ನಡೆದ ಆಟದ್ದು ಇದ್ದರೆ ಅದೇ ಸರಿ. ಚೌಕಿಪೂಜೆಯಿಂದ ಮಂಗಳದವರೆಗೆ ಅಲ್ಲಲ್ಲಿ ಹಾರಿಸಿ ನೋಡಿ. ಚಂಡೆ ಪೆಟ್ಟು ತುಂಡಾಗದೆ ಕೇಳಿದರೆ, ಚಿತ್ರ ಒಡೆಯದಿದ್ದರೆ ಮೂರೂ ಡಿಸ್ಕ್ ಸರಿಯಾಗಿ ಕೂಡಿವೆ.

ಆಮೇಲೆ ಬೇರೆ ಡಿಸ್ಕಿಗೆ ಕಾಪಿ. ಮೊದಲು ಯಾವುದು? ಮದುವೆ ವಿಡಿಯೋದ ಪ್ರತಿ ಆ ಮನೆಯವರ ಹತ್ತಿರವೂ ಇರಬಹುದು. ಈಗ ಇಲ್ಲವಾದ ಭಾಗವತರದ್ದು, ವೇಷಧಾರಿಗಳದ್ದು ನಿಮ್ಮ ಹತ್ತಿರ ಬಿಟ್ಟರೆ ಬೇರೆಲ್ಲೂ ಇಲ್ಲದಿರಬಹುದು. ಅವು ಮೊದಲು ಬರಲಿ. ಎಲ್ಲ ಬಂದ ಮೇಲೆ ಹಳೇ ಅರೇಯನ್ನು ಸರಿಮಾಡುತ್ತ ಕೂರಬೇಡಿ, ಹೊಸದಾಗಿ ಕಟ್ಟಿ. ನಾಲ್ಕು ಡಿಸ್ಕಿಗೆ ನನ್ನ ಮತ ರೇಡ್ 6. ಜಾಗ 8 ಟಿಬಿಗೆ ಇಳಿಯುತ್ತದೆ, ಆದರೆ ಯಾವ ಎರಡು ಹೋದರೂ ತಡೆದುಕೊಳ್ಳುತ್ತದೆ. ಜೊತೆಗೆ ಒಂದು ಪ್ರತಿ ಬೇರೆ ಮನೆಯಲ್ಲಿ, ಸಾಧ್ಯವಾದರೆ ಘಟ್ಟದ ಮೇಲೆ, ಇರಲಿ. ಸಿಡಿಲು ಒಂದು ಪೆಟ್ಟಿಗೆಗೆ ಹೊಡೆದರೆ ಒಳಗೆ ಎಷ್ಟು ಡಿಸ್ಕ್ ಇದೆ ಎಂದು ನೋಡುವುದಿಲ್ಲ.

ಮಾರ್ಚಿನಲ್ಲೇ ನಿಮಗೆ ಗೊತ್ತಾಗಿದ್ದರೆ ಇದು ಅರ್ಧ ದಿನದ ಕೆಲಸವಾಗಿತ್ತು. ಎಂಡಿಆಡಮ್‌ನಲ್ಲಿ ಮಾನಿಟರ್ ಇದೆ, ಕಾನ್ಫಿಗ್ ಫೈಲಿನಲ್ಲಿ ಮೇಲ್ ವಿಳಾಸ ಬರೆದಿರಬೇಕು. ಸುಮ್ನೆ ಬರೆದರೆ ಸಾಲದು. ಮಾನಿಟರಿಗೆ ಟೆಸ್ಟ್ ಆಯ್ಕೆ ಕೊಟ್ಟು, ನಿಮ್ಮ ಮೊಬೈಲಿಗೆ ಮೇಲ್ ಬಂತಾ ನೋಡಿ. ತಿಂಗಳಿಗೊಮ್ಮೆ ಪೂರ್ತಿ ಓದಿ ನೋಡುವ ಚೆಕ್ ಕೂಡ ಓಡುತ್ತಿದೆಯೇ ಖಾತ್ರಿ ಮಾಡಿಕೊಳ್ಳಿ.

ಇನ್ನೊಂದು ವಿಷಯ, ಮನೆಬಳಕೆಯ ಡಿಸ್ಕ್ ಹಾಕಿದವರೆಲ್ಲ ತಿಳಿಯಬೇಕಾದ್ದು. ಒಂದು ಸೆಕ್ಟರ್ ಓದಲು ಕಷ್ಟವಾದರೆ ಅಂಥ ಡಿಸ್ಕ್ ಎರಡು ನಿಮಿಷಕ್ಕೂ ಹೆಚ್ಚು ಹಟ ಹಿಡಿದು ಪ್ರಯತ್ನಿಸಬಹುದು. ಲಿನಕ್ಸ್ ಕಾಯುವುದು 30 ಸೆಕೆಂಡು. ಆಮೇಲೆ ಲಿಂಕನ್ನೇ ರೀಸೆಟ್ ಮಾಡುತ್ತದೆ, ಡಿಸ್ಕ್ ಹೊರಬೀಳುತ್ತದೆ. ಸ್ಮಾರ್ಟ್ ವರದಿ ಕೊಡುವ ಸ್ಮಾರ್ಟ್‌ಸಿಟಿಎಲ್ ಕಮಾಂಡಿನಲ್ಲಿ ಎಸ್‌ಸಿಟಿಇಆರ್‌ಸಿ 70,70 ಎಂದು ಕೊಟ್ಟರೆ ಡಿಸ್ಕ್ 7 ಸೆಕೆಂಡಿಗೆ ಕೈಬಿಡುತ್ತದೆ, ಉಳಿದ ಡಿಸ್ಕುಗಳಿಂದ ಲೆಕ್ಕ ಹಾಕಿ ಅರೇ ಆ ಜಾಗ ಸರಿಮಾಡಿಕೊಳ್ಳುತ್ತದೆ. ಅದಕ್ಕೆ ಒಪ್ಪದ ಡಿಸ್ಕ್ ಆದರೆ ಕರ್ನಲ್ (ಲಿನಕ್ಸಿನ ತಿರುಳು) ಕಾಯುವ ಹೊತ್ತನ್ನು 180 ಸೆಕೆಂಡಿಗೆ ಏರಿಸಿ. ಕರ್ನಲ್ ಹೊತ್ತು ಪ್ರತಿ ಬೂಟಿಗೂ ಹಿಂದಿನ ಸ್ಥಿತಿಗೆ ಹೋಗುತ್ತದೆ, ಎಸ್‌ಸಿಟಿಇಆರ್‌ಸಿ ಅಂಕಿಯೂ ಕರೆಂಟ್ ಹೋಗಿ ಬಂದರೆ ಅಳಿಸಿಹೋಗಬಹುದು. ಹಾಗಾಗಿ ಎರಡನ್ನೂ ಸ್ಟಾರ್ಟಪ್ಪಿನಲ್ಲೇ ಹಾಕಿಡಿ.

ನಡುವೆ ಯಾವುದಾದರೂ ಡಿಸ್ಕ್ ಕಟ್ ಕಟ್ ಸದ್ದು ಮಾಡಿದರೆ, ಅಥವಾ ಬಯಾಸ್‌ನಲ್ಲೇ ಕಾಣದಿದ್ದರೆ ಕೂಡಲೇ ಆಫ್ ಮಾಡಿ ಲ್ಯಾಬಿಗೆ ಕೊಡಿ. ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆ ಎನ್ನುವವರ ಮಾತು ಕೇಳಬೇಡಿ. ನಮ್ಮ ಜೂನ್ ಹವೆಗೆ ತಣ್ಣಗಾದ ಡಿಸ್ಕ್ ಹೊರತೆಗೆದರೆ ನೀರು ಬೆವರುತ್ತದೆ. ಒಯ್ಯುವಾಗ ಪಾರ್ಸೆಲ್ ಮಾಡುವ ಬದಲು ಸ್ಪಂಜು ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಹೋಗಿ. ದೇವಿಮನೆ ಘಟ್ಟದ ತಿರುವಿನಲ್ಲಿ ಬಸ್ಸಿನ ಡಿಕ್ಕಿಯಲ್ಲಿರುವ ಸಾಮಾನಿಗೆ ಏನಾಗುತ್ತದೆ ಎಂದು ನಿಮಗೂ ಗೊತ್ತು.

ಕೊನೆಗೆ ಆ ಮೂರನೇ ಡಿಸ್ಕ್. ಅದನ್ನು ಅರೇಗೆ ಸೇರಿಸಬೇಡಿ ಅಂದೆ, ಬಿಸಾಡಿ ಅಂದಿಲ್ಲ. ಮಾರ್ಚ್ 3ರ ನಂತರ ಮುಟ್ಟದ ಜಾಗಗಳಲ್ಲಿ ಅದರ ಅಂಕಿ ಇವತ್ತಿಗೂ ಸರಿಯೇ ಇದೆ. ಒಂದನೇ ಡಿಸ್ಕಿನ ಆ ಒಂದು ಸೆಕ್ಟರ್ ಬರದೇ ಹೋದರೆ, ಅದು ಯಾವುದೋ ಹಳೇ ಆಟದ ವಿಡಿಯೋಗೆ ಸೇರಿದ್ದಾದರೆ, ಎರಡು, ಮೂರು, ನಾಲ್ಕರಿಂದ ಲೆಕ್ಕ ಹಾಕಿ ಆ 4 ಕೆಬಿಯನ್ನು ತುಂಬಬಹುದು. ಯಾವ ಫೈಲಿಗೆ ಸೇರಿದ್ದು ಎಂದು ಡೀಬಗ್‌ಎಫ್‌ಎಸ್ ಎಂಬ ಕಮಾಂಡಿನಿಂದ ಹುಡುಕಬಹುದು. ಒಂದನೇ ಡಿಸ್ಕಿನ ನಕಲು ಮುಗಿದ ಕೂಡಲೇ ಮ್ಯಾಪ್ ಫೈಲ್ ಕಳಿಸಿ, ನಾನೇ ಕೂತು ನೋಡುತ್ತೇನೆ. ಅಲ್ಲಿಯವರೆಗೆ ಮೂರನೇದಕ್ಕೆ ಟೇಪ್ ಅಂಟಿಸಿ, ಒಂದಿಷ್ಟು ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿ ಹಾಕಿ, ಒಣ ಜಾಗದಲ್ಲಿಡಿ.